ಕಿಟಾರಣ್ಣನ ಮೂರನೆಯ ಕ್ಯಾಸೆಟ್ಟು

ಮೂರನೆಯ ಕ್ಯಾಸೆಟ್ಟು ಬಂದ ಮೇಲೆ ಕಿಟಾರಣ್ಣ ದೊಡ್ಡ ಮನುಷ್ಯನಾಗಿಬಿಟ್ಟ ಎಂದು ನಮ್ಮ ಬೀದಿಯವರು ಹೇಳುತ್ತಿದ್ದರು. ಗುಂಡ್ಲುಪೇಟೆ ಬಸ್ಸಿನಲ್ಲಿ ಅದೇ, ಸಂತೆಮರಹಳ್ಳಿ ಸಂತೆಯ ಅಂಗಡಿಗಳಲ್ಲಿ ಅದೇ, ಮದುವೆ ಛತ್ರದ ಮೈಕಿನಲ್ಲೂ ಅದೇ. ನನಗೆ ಮಾತ್ರ ಅದನ್ನು ಮೊದಲ ಸಲ ಪೂರ್ತಿ ಕೇಳಿದ ದಿನ ಎದೆ ಧಸಕ್ಕೆಂದಿತ್ತು. ಅಷ್ಟು ಚೆಂದವಾಗಿತ್ತು ಅದು.

ಆತನನ್ನು ಯಾರೂ ನಿಜವಾದ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮನೆಯಲ್ಲಿ ಗಿಟಾರು ಇತ್ತಲ್ಲ, ಹಾಗಾಗಿ ಎಲ್ಲರ ಬಾಯಲ್ಲೂ ಕಿಟಾರಣ್ಣ. ಹೆಸರು ನನಗೆ ಗೊತ್ತಾದದ್ದು ಬಹಳ ತಡವಾಗಿ, ಅದೂ ಜನ ತುಂಬಿದ ಬಯಲಿನಲ್ಲಿ. ಗೊತ್ತಾದ ರೀತಿಯನ್ನು ನೆನೆದರೆ ಆ ಹೆಸರನ್ನು ಇಲ್ಲಿ ಬರೆಯಲು ಈಗಲೂ ಕೈ ಬರುವುದಿಲ್ಲ.

ಚಾಮರಾಜನಗರ ಆಗಿನ್ನೂ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು. ಅಲ್ಲಿಯ ಹೈಸ್ಕೂಲಿಗೆ ಕನ್ನಡ ಟೀಚರಾಗಿ ವರ್ಗವಾಗಿ ಬಂದ ನನಗೆ ಒಂದು ಹೆಂಚಿನ ಮನೆಯ ಅರ್ಧ ಭಾಗ ಬಾಡಿಗೆಗೆ ಸಿಕ್ಕಿತು. ಇನ್ನರ್ಧದಲ್ಲಿ ಕಿಟಾರಣ್ಣ ಮತ್ತು ಅವನ ಹೆಂಡತಿ ಚಿಕ್ಕತಾಯಿ. ನಡುವೆ ಒಂದು ಗೋಡೆ, ಅದೂ ಸೂರಿನವರೆಗೆ ಮುಟ್ಟದ ಗೋಡೆ. ಅವರ ಒಲೆಯ ಒಗ್ಗರಣೆಗೆ ನಾನು ಸೀನುತ್ತಿದ್ದೆ, ನನ್ನ ರೇಡಿಯೋದ ವಾರ್ತೆಯನ್ನು ಅವರು ಕೇಳುತ್ತಿದ್ದರು. ಗೋಡೆಯಾಚೆಯಿಂದ ಆತ ಪದ ಕಟ್ಟುವುದೂ, ಕಟ್ಟಿದ್ದು ಸರಿಬರದೆ ತನ್ನನ್ನೇ ಬೈದುಕೊಳ್ಳುವುದೂ ನನಗೆ ಕೇಳಿಸುತ್ತಿತ್ತು.

ಊರಾಚೆಯ ಒಂದು ಕರಿಕಲ್ಲಿನ ಕ್ವಾರಿಯಲ್ಲಿ ಆತ ಡ್ರಿಲ್ಲರ್. ಕಂಪ್ರೆಸರಿನ ಗಾಳಿಯಲ್ಲಿ ನಡೆಯುವ ಮಿಷನ್ನನ್ನು ಹೊಟ್ಟೆಗೆ ಒತ್ತಿ ಹಿಡಿದು ಬಂಡೆಗೆ ತೂತು ಕೊರೆಯುವ ಕೆಲಸ. ಕಲ್ಲು ಕಪ್ಪಾದರೂ ಅದರ ಧೂಳು ಬೂದುಬಣ್ಣ. ಸಂಜೆ ಬರುವಾಗ ರೆಪ್ಪೆಗೂದಲೂ ನರೆತವನಂತೆ ಕಾಣುತ್ತಿದ್ದ. ಬಚ್ಚಲಿಗೆ ಹೋಗಿ ಮೈ ತಿಕ್ಕಿ, ಎಣ್ಣೆ ಹಚ್ಚಿ ತಲೆ ಬಾಚಿ, ಅಂಗೈಯನ್ನು ಪಂಚೆಗೆ ಮತ್ತೊಮ್ಮೆ ಒರೆಸಿ, ಆಮೇಲೆಯೇ ಗಿಟಾರನ್ನು ಮೊಳೆಯಿಂದ ಇಳಿಸುತ್ತಿದ್ದ.

ಗಿಟಾರು ಬಂದದ್ದು ಗುಂಡ್ಲುಪೇಟೆಯಿಂದ. ಆತನ ಹುಟ್ಟೂರು ಆ ಕಡೆಯ ಹಳ್ಳಿ. ಕ್ವಾರಿಗೆ ಸೇರುವ ಮೊದಲು ಗುಂಡ್ಲುಪೇಟೆಯಲ್ಲಿ ವರ್ಗೀಸ್ ಎಂಬ ಮಲಯಾಳಿಯ ಬೇಕರಿಯಲ್ಲಿ ಒಲೆ ನೋಡಿಕೊಳ್ಳುತ್ತಿದ್ದನಂತೆ. ವರ್ಗೀಸ್ ತಮ್ಮ ಚರ್ಚಿನಲ್ಲಿ ಬಾರಿಸುತ್ತಿದ್ದ ಹಳೆಯ ಗಿಟಾರನ್ನು ಈತನ ಕೈಗೆ ಕೊಟ್ಟು, ಬ್ರೆಡ್ಡು ಬೇಯುವಷ್ಟು ಹೊತ್ತಿನಲ್ಲಿ ಬೆರಳು ಎಲ್ಲೆಲ್ಲಿ ಇಡಬೇಕೆಂದು ಹೇಳಿಕೊಟ್ಟರು. ಮದುವೆಯಾಗಿ ಕ್ವಾರಿ ಸೇರಲು ಹೊರಟಾಗ, "ಕೊಂಡೋಗು, ನನ್ನ ಬೆರಳು ದಪ್ಪ ಆಯ್ತು" ಎಂದು ಅದನ್ನೇ ಕೊಟ್ಟುಬಿಟ್ಟರು.

ಆತನ ಹಾಡು ಯಾವ ಜಾತಿಯದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಕಂಸಾಳೆಯವರ ಪದವಲ್ಲ, ಸಿನಿಮಾದ್ದಲ್ಲ, ರೇಡಿಯೋದ ಭಾವಗೀತೆಯೂ ಅಲ್ಲ. ಎದುರುಮನೆಯ ಹಿರಿಯರೊಬ್ಬರು ಒಮ್ಮೆ, ಹಕಾರ ಬಿಟ್ಟ ಆ ಕಡೆಯ ಮಾತಿನಲ್ಲಿ, ಕೇಳಿಯೇಬಿಟ್ಟರು: "ಏನ್ಲಾ ಇದು, ಆಡ್ತಾ ಇದ್ದೀಯೋ ಮಾತಾಡ್ತಾ ಇದ್ದೀಯೋ?"

"ಮಾತೇ ಕಣಣ್ಣ," ಅಂದ. "ಒಸಿ ಎಳ್ದು ಆಡ್ತೀನಿ, ಅಷ್ಟೆ."

ಆ ಮಾತೆಲ್ಲ ಕ್ವಾರಿಯ ಜನರ ಮೇಲಿನದು. ಒಂದು ಹಾಡಿಗೆ ಒಬ್ಬ ಮನುಷ್ಯ, ಅವನ ಹೆಸರು ಹಾಡಿನೊಳಗೆ. "ಸಿದ್ರಾಜು ಬಂಡೆ ಮ್ಯಾಲೆ ಕುಂತವ್ನೆ, ಬುತ್ತಿ ಬಿಚ್ದೆ ಕುಂತವ್ನೆ" ಎಂಬುದು ಮೊದಲ ಕ್ಯಾಸೆಟ್ಟಿನ ಮೊದಲ ಹಾಡು. ಅಡುಗೆಮನೆಯಲ್ಲಿ ಟೇಪ್‌ರೆಕಾರ್ಡರ್ ಇಟ್ಟು ತಾವೇ ರೆಕಾರ್ಡ್ ಮಾಡಿದ್ದು. ಹಾಡಿನ ನಡುವೆ ಕುಕ್ಕರ್ ಕೂಗುತ್ತದೆ, ಇನ್ನೆಲ್ಲೋ ಚಿಕ್ಕತಾಯಿ "ಸೀಮೆಣ್ಣೆ ಬಂದದಂತೆ ಕಣ್ರೀ" ಅನ್ನುತ್ತಾಳೆ. ಬಸ್‌ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಯವನು ಅದನ್ನೇ ಕಾಪಿ ಮಾಡಿ ಮಾಡಿ ಹಂಚಿದ. ಕ್ವಾರಿಯವರು ತಮ್ಮ ಹೆಸರು ಹಾಡಿನಲ್ಲಿ ಬಂದದ್ದಕ್ಕೆ ಹಿಗ್ಗಿದರು. ನನಗೂ ಒಬ್ಬ ಬಂಡೆ ಕೊರೆಯುವವನು ಇಷ್ಟು ಸಣ್ಣ ಸಣ್ಣದನ್ನು ನೋಡುತ್ತಾನಲ್ಲ ಎಂದು ಖುಷಿಯಾಗಿತ್ತು. ಬುತ್ತಿಯನ್ನು ಯಾಕೆ ಬಿಚ್ಚಲಿಲ್ಲ ಎಂದು ನಾನು ಕೇಳಿರಲಿಲ್ಲ.

ಮುಂದಿನ ಸುಗ್ಗಿಗೆ ಸಿದ್ದರಾಜು ಸತ್ತ. ಟಿಬಿ ಅಂದರು.

ಎರಡನೆಯ ಕ್ಯಾಸೆಟ್ಟಿನಲ್ಲಿ ಮರಿಸ್ವಾಮಿ ಎಂಬಾತನ ಮೇಲೆ ಒಂದು ಹಾಡಿತ್ತು. ಕ್ವಾರಿಯ ಗುಂಡಿಯಿಂದ ಮೆಟ್ಟಿಲು ಹತ್ತುವಾಗ ನಿಂತು ನಿಂತು, ನಿಂತದ್ದಕ್ಕೆ ನೆಪ ಬೇಕೆಂದು ಬೀಡಿ ಹಚ್ಚಿಕೊಳ್ಳುವವನ ಹಾಡು. ಕೇಳಿದವರು ನಗುತ್ತಿದ್ದರು. ಮರಿಸ್ವಾಮಿಯೂ ನಕ್ಕಿದ್ದನಂತೆ. ಆ ವರ್ಷದ ಮಳೆ ಹಿಡಿಯುವ ಮೊದಲೇ ಅವನೂ ಹೋದ. ಅವನ ಹಿಂದೆಯೇ ಅದೇ ಕ್ಯಾಸೆಟ್ಟಿನ ಇನ್ನೊಬ್ಬ.

ಬೀದಿಯಲ್ಲಿ ಮಾತು ಶುರುವಾದದ್ದು ಆಗ. ನಲ್ಲಿಯ ಹತ್ತಿರ ಚಿಕ್ಕತಾಯಿ ಬಂದರೆ ಹೆಂಗಸರು ಸುಮ್ಮನಾಗುತ್ತಿದ್ದರು. ಕ್ವಾರಿಯಿಂದ ಸಂಜೆ ಒಟ್ಟಿಗೆ ಬರುತ್ತಿದ್ದ ಗಂಡಸರು ಈಗ ಕಿಟಾರಣ್ಣನನ್ನು ಮುಂದೆ ಬಿಟ್ಟು ಹಿಂದೆ ಉಳಿಯುತ್ತಿದ್ದರು. ಗಿಟಾರಿನ ಸದ್ದು ಕೇಳಿದರೆ ಎದುರುಮನೆಯವರು ಕಿಟಕಿ ಎಳೆದುಕೊಳ್ಳುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಸಣ್ಣಮ್ಮ ಎಂಬ ಹೆಂಗಸು ಬಂದಳು. ಕಿಟಾರಣ್ಣನ ಜೊತೆಯೇ ಮಿಷನ್ ಹಿಡಿಯುತ್ತಿದ್ದ ನಂಜುಂಡನ ಹೆಂಡತಿ. ಜಗಲಿಯ ಮೇಲೆ ಕೂರಲೂ ಒಪ್ಪಲಿಲ್ಲ.

"ಅಣ್ಣ, ನಿನ್ನ ಕಾಲ್ಗೆ ಬೀಳ್ತೀನಿ. ನಮ್ಮವ್ರ ಎಸ್ರ ಆಡ್ಗೆ ಆಕ್ಬ್ಯಾಡ."

"ನಾ ಆಕಿಲ್ವಲ್ಲವ್ವ."

"ಮುಂದ್ಕೂ ಆಕ್ಬ್ಯಾಡ. ನೆನ್ನೆ ನೀನು ಅವ್ರನ್ನೇ ನೋಡ್ತಾ ಕುಂತಿದ್ಯಂತೆ. ಮನೆಗೆ ಬಂದು ಉಣ್ನೇ ಇಲ್ಲ ಅವರು."

"ಆಯ್ತು, ಓಗವ್ವ. ಆಕಲ್ಲ," ಅಂದ ಕಿಟಾರಣ್ಣ. ಅವಳು ಹೋದ ಮೇಲೆ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದ ನನ್ನ ಕಡೆ ತಿರುಗಿದ.

"ಟೀಚ್ರಮ್ಮ, ನಾನು ಆಡಿದ್ದಕ್ಕೆ ಅವ್ರು ಸಾಯ್ನಿಲ್ಲ. ನನಗೆ ಮೊದ್ಲೇ ಗೊತ್ತಾಯ್ತದೆ. ಉಣ್ಣಾಕೆ ಉಸ್ರು ಸಾಲ್ದೆ ಬುತ್ತಿ ಮುಂದೆ ಇಟ್ಕೊಂಡು ಕುಂತ್ಕತಾರೆ. ಆಮೇಲೆ ಮನ್ಗುವಾಗ ದಿಂಬು ಎರಡು ಬೇಕಾಯ್ತದೆ. ಎರಡನೆ ದಿಂಬು ಬಂತು ಅಂದ್ರೆ ಮುಗೀತು. ಇದ್ದಾಗ್ಲೇ ಅವ್ರ ಮ್ಯಾಲೊಂದು ಆಡಿರ್ಲಿ ಅಂತ ಕಟ್ಟಿದ್ದು."

"ಡಾಕ್ಟರಿಗೆ ಹೇಳಲಿಲ್ಲವಾ?"

"ಟಿಬಿ ಮಾತ್ರೆ ಕೊಡ್ತಾರೆ. ನುಂಗ್ತಾರೆ. ಓಯ್ತಾರೆ."

ಇದಾಗಿ ಕೆಲವು ತಿಂಗಳಿಗೆ ಮೈಸೂರಿನಿಂದ ಒಬ್ಬರು ಹುಡುಕಿಕೊಂಡು ಬಂದರು. ಅಲ್ಲೊಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ ಅವರದು. ಬಸ್ಸಿನಲ್ಲಿ ಎರಡೂ ಕ್ಯಾಸೆಟ್ಟು ಕೇಳಿದ್ದರಂತೆ, ಅದೇ ಹಾಡುಗಳನ್ನು ಹೊಸದಾಗಿ ರೆಕಾರ್ಡ್ ಮಾಡಬೇಕೆಂದು ಬಂದಿದ್ದರು. ಒಳ್ಳೆಯ ಮನುಷ್ಯರು, ಆಡಿದ ಮಾತೂ ಮೆತ್ತಗಿತ್ತು. "ಟ್ಯೂನ್ ಬಹಳ ಚೆನ್ನಾಗಿದೆ. ಆದರೆ ಈ ಹೆಸರುಗಳೆಲ್ಲ ಯಾಕೆ? ಬೆಂಗಳೂರಿನವರಿಗೆ ಮರಿಸ್ವಾಮಿ ಯಾರು ಅಂತ ಹೇಗೆ ಗೊತ್ತಾಗಬೇಕು? ಹೆಸರು ತೆಗೆಯೋಣ. ಕೊಳಲು, ತಬಲ, ಕೀಬೋರ್ಡು ಹಾಕೋಣ. ಭಾಷೆ ಸ್ವಲ್ಪ ತಿದ್ದಿಸೋಣ" ಎಂದರು. ಧೂಳು ಎಂದಿದ್ದಲ್ಲಿ ಬೆಳ್ಳಿಯ ಹುಡಿ ಎಂದರೆ ಇನ್ನೂ ಚೆನ್ನ ಎಂದೂ ಸೂಚಿಸಿದರು.

ಬೇಡವೆಂದು ಅಟ್ಟಿಬಿಡುತ್ತಾನೆ ಅಂದುಕೊಂಡಿದ್ದೆ. ಕಿಟಾರಣ್ಣ ಎಲ್ಲದಕ್ಕೂ "ಆಗ್ಲಿ ಬುಡಿ" ಅಂದ.

ಭಾಷೆ ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ಸಂಜೆ ಅವರ ಜಗಲಿಯಲ್ಲಿ ಕೂತು ಆಡು ಎಂದಿದ್ದನ್ನು ಹಾಡು ಮಾಡಿದೆ, ಓದ ಎಂದಿದ್ದನ್ನು ಹೋದ ಮಾಡಿದೆ. ಆತ ಶ್ರದ್ಧೆಯಿಂದ ಹೇಳಿಕೊಳ್ಳುತ್ತಿದ್ದ. ಒಂದು ಸಾಲಿನಲ್ಲಿ ಹಕಾರ ಮೇಲಿಂದ ಮೇಲೆ ಬಂದಾಗ ನಡುವೆ ನಿಂತುಬಿಟ್ಟ. ಮತ್ತೆ ಶುರು ಮಾಡಿದ, ಮತ್ತೆ ನಿಂತ. ಗಂಟಲಿನದೇನೋ ತೊಂದರೆ ಎಂದು ನೀರು ಕೊಟ್ಟೆ. ಆತ ಲೋಟ ಹಿಡಿದುಕೊಂಡೇ ನಕ್ಕ.

"ಈ ಹಕಾರಕ್ಕೆ ಉಸ್ರು ಬಾಳ ಬೇಕು ಟೀಚ್ರಮ್ಮ. ನಮ್ಮೋರು ಅದ್ಕೇ ಬುಟ್ಬುಟ್ಟವ್ರೆ ಅಂತ ಕಾಣ್ತದೆ."

ನಾನೂ ನಕ್ಕೆ. ಆ ವಾರವೇ ಚಿಕ್ಕತಾಯಿ ಗೋಡೆಯಾಚೆಯಿಂದ ಕೇಳಿದಳು: "ಅಕ್ಕ, ನಿಮ್ತಾವು ಅಳೆ ಸೀರೆ ಏನಾರ ಅವ? ಇವ್ರಿಗೆ ಇನ್ನೊಂದು ದಿಂಬು ಒಲೀಬೇಕು."

ಪೆಟ್ಟಿಗೆಯಿಂದ ಒಳ್ಳೆಯದೊಂದು ಸೀರೆಯನ್ನೇ ತೆಗೆದುಕೊಟ್ಟೆ. ಅವಳ ಮುಖ ನೋಡಿದೆ. ಅವಳಿಗೆ ಏನೂ ಗೊತ್ತಿರಲಿಲ್ಲ. ಸೀರೆಯ ಅಂಚನ್ನು ಸವರಿ, "ಒಳ್ಳೇ ಸೀರೆ ಕಣಕ್ಕ, ಇದ್ನ ಕೊಟ್ಬುಟ್ರಲ್ಲ" ಅಂದಳು.

ರೆಕಾರ್ಡಿಂಗಿಗೆ ಮೂವರೂ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಮೈಸೂರಿಗೆ ಹೊರಟೆವು. ಬದನಗುಪ್ಪೆ ದಾಟುವಷ್ಟರಲ್ಲಿ ಚಿಕ್ಕತಾಯಿ ಕಿಟಕಿಗೆ ಒರಗಿ ನಿದ್ದೆಹೋದಳು. ಆಗ ಕೇಳಿದೆ.

"ಅಣ್ಣ, ತೋರಿಸಿಕೊಂಡಿರಾ?"

ನಾನು ಯಾವುದರ ಬಗ್ಗೆ ಕೇಳುತ್ತಿದ್ದೇನೆಂದು ಆತನಿಗೆ ತಿಳಿಯಿತು. "ತೋರಿಸ್ಕೊಂಡೆ. ಮೈಸೂರಲ್ಲೇ, ದೊಡ್ಡ ಡಾಕ್ಟ್ರು. ಟಿಬಿ ಅಲ್ವಂತೆ. ಕಲ್ ಧೂಳಂತೆ. ಒಳಕ್ಕೋದ್ದು ಈಚೆಗೆ ಬರಾದಿಲ್ವಂತೆ."

"ಮತ್ತೆ ಈ ಕ್ಯಾಸೆಟ್ಟು ಯಾಕೆ? ಅದೂ ಹೆಸರೆಲ್ಲ ತೆಗೆದುಹಾಕಿ?"

"ಮೊದ್ಲಿನ ಎರಡ್ನೂ ನಮ್ಮೋರೇ ಕೇಳಿದ್ದು. ಅದ್ರಲ್ಲಿ ಇರಾದು ನಮ್ಮೋರಿಗೆ ಗೊತ್ತಿರಾದೇ. ಗೊತ್ತಿಲ್ದೋರು ಕೇಳ್ಬೇಕು. ಅವ್ರ ಕಿವಿಗೆ ಓಗ್ಬೇಕು ಅಂದ್ರೆ ಒಸಿ ನುಣ್ಣಗಿರ್ಬೇಕಲ್ವ? ನುಣ್ಣಗೆ ಒಳಕ್ಕೋಗ್ಲಿ. ಆಮೇಲೆ ಕೆಲಸ ಮಾಡ್ತದೆ." ಮಲಗಿದ್ದ ಹೆಂಡತಿಯ ಕಡೆ ಕಣ್ಣು ತೋರಿಸಿದ. "ಇವ್ಳಿಗೆ ಏಳ್ಬ್ಯಾಡಿ."

ಸ್ಟುಡಿಯೋ ಎಂದರೆ ಗೋಡೆಗೆಲ್ಲ ಮೆತ್ತೆ ಹೊಡೆದ ಒಂದು ಕೋಣೆ, ನಡುವೆ ಗಾಜು. ಗಾಜಿನ ಈಚೆ ನಾವಿಬ್ಬರು ಮತ್ತು ಮಿಷನ್ ಮುಂದೆ ಕೂತ ರೆಕಾರ್ಡಿಸ್ಟ್. ಆಚೆ ಕಿಟಾರಣ್ಣ, ಕಿವಿಗೆ ಹೆಡ್‌ಫೋನು. ಗಿಟಾರು ಬೇಡವೆಂದು ಅದನ್ನು ಹೊರಗೇ ಇಡಿಸಿದ್ದರು. ಕೈ ಎಲ್ಲಿ ಇಡಬೇಕೆಂದು ತಿಳಿಯದೆ ಎದೆಯ ಮೇಲೆ ಕಟ್ಟಿಕೊಂಡು ನಿಂತಿದ್ದ.

ಮೊದಲ ಸಾಲು ಮುಗಿಯುವ ಮೊದಲೇ ರೆಕಾರ್ಡಿಸ್ಟ್ ಕೈ ಎತ್ತಿದ. "ಉಸಿರು ಜೋರಾಗಿ ಬರ್ತಿದೆ ಸಾರ್, ಮೈಕಿಂದ ಸ್ವಲ್ಪ ದೂರ." ದೂರ ನಿಂತರೂ ಅದೇ. ಗಾಜಿನ ಈಚೆಯ ಸ್ಪೀಕರಿನಲ್ಲಿ ಪ್ರತಿ ಪದದ ಹಿಂದೆ ಒಂದು ಸಿಳ್ಳೆಯಂಥ ಸದ್ದು. ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದಂತೆ. ಮನೆಯಲ್ಲಿ, ಬೀದಿಯ ಗಲಾಟೆಯಲ್ಲಿ ಅದು ಕೇಳಿಸಿರಲಿಲ್ಲ. ಆ ಮೌನದ ಕೋಣೆಯಲ್ಲಿ ಅದೊಂದೇ ಕೇಳಿಸುತ್ತಿತ್ತು. ಚಿಕ್ಕತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳಿಗೆ ನಾವು ಹೇಳಬೇಕಾದದ್ದನ್ನು ಸ್ಪೀಕರೇ ಹೇಳಿತ್ತು.

ಕೊನೆಗೆ ಒಂದೊಂದೇ ತುಣುಕು ಹಾಡಿಸಿದರು. ಎರಡು ಪದ, ನಿಲುಗಡೆ, ಮತ್ತೆ ಎರಡು ಪದ. ನಡುವಿನ ಉಸಿರನ್ನೆಲ್ಲ ಕತ್ತರಿಸಿ ಜೋಡಿಸುತ್ತೇವೆ, ಚಿಂತೆ ಬೇಡ ಎಂದು ಸ್ಟುಡಿಯೋ ಮಾಲೀಕರು ಸಮಾಧಾನ ಹೇಳಿದರು. ಹೊರಡುವಾಗ ರೆಕಾರ್ಡಿಸ್ಟ್ ನನ್ನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ, "ಮೇಡಂ, ಇವರನ್ನ ಯಾರಿಗಾದರೂ ತೋರಿಸಿ" ಅಂದ. ರೈಲಿನಲ್ಲಿ ವಾಪಸು ಬರುವಾಗ ಚಿಕ್ಕತಾಯಿ ಆತನ ಅಂಗೈಯನ್ನು ತನ್ನ ಮಡಿಲಿನಲ್ಲಿ ಇಟ್ಟುಕೊಂಡಿದ್ದಳು, ನಾಚಿಕೆ ಬಿಟ್ಟು.

ಕ್ಯಾಸೆಟ್ಟು ಬಂತು. ಕವರಿನ ಮೇಲೆ ಆತನ ಚಿತ್ರವಿರಲಿಲ್ಲ, ಗುಲಾಬಿ ಬಣ್ಣದ ಆಕಾಶವಿತ್ತು. ಕೇಳಿದೆ. ಕೊಳಲು ತೇಲಿ ಬರುತ್ತದೆ, ತಬಲ ಸೇರುತ್ತದೆ, ಆತ ಹಾಡುತ್ತಾನೆ. ಹಾಡಿನ ಮೇಲೆ ಹಾಡು. ಆ ಕಡೆ ಮುಗಿದು ಈ ಕಡೆ ಮುಗಿಯುವವರೆಗೆ ಹಾಡುವವನು ಒಂದು ಸಲವೂ ಉಸಿರೆಳೆದುಕೊಳ್ಳುವುದಿಲ್ಲ. ಜೀವ ಇರುವ ಯಾರೂ ಹಾಗೆ ಹಾಡಲಾರರು.

ಬೆಳ್ಳಿಯ ಹುಡಿಯ ಹಾಡು ಎಲ್ಲಕ್ಕಿಂತ ಹೆಚ್ಚು ನಡೆಯಿತು. ಬುತ್ತಿ ಬಿಚ್ಚದೆ ಕೂತ ಸಿದ್ದರಾಜುವಿನ ಮೈಮೇಲಿನ ಧೂಳಿನ ಹಾಡದು. ಈಗ ಹೆಸರಿಲ್ಲದೆ, ಮದುಮಗಳ ಹಾಡಾಗಿತ್ತು. ಅರಿಸಿನ ಹಚ್ಚುವಾಗ ಅದನ್ನೇ ಹಾಕುತ್ತಿದ್ದರು. ನಲ್ಲಿಯ ಹತ್ತಿರದ ಹೆಂಗಸರು ಚಿಕ್ಕತಾಯಿಯನ್ನು ಮತ್ತೆ ಮಾತಾಡಿಸತೊಡಗಿದರು. ಗಂಡಸರು ಜೊತೆಗೆ ನಡೆದು ಬರತೊಡಗಿದರು. ಹೆಸರು ಬಿಟ್ಟನಲ್ಲ, ಪೀಡೆ ಕಳೆಯಿತು ಎಂಬ ನೆಮ್ಮದಿ ಎಲ್ಲರಿಗೂ.

ವರ್ಗೀಸ್ ಮಾತ್ರ ಗುಂಡ್ಲುಪೇಟೆಯಿಂದ ಬಸ್ಸು ಹತ್ತಿ ಬಂದರು. ಕೈಯಲ್ಲಿ ಬನ್ನಿನ ಪೊಟ್ಟಣ. ಜಗಲಿಯ ಮೇಲೆ ಕೂತು ಹೇಳಿದರು: "ಕೇಳಿದೆ ಕಣೋ. ಪಾಟ್ಟು ಉಂಟು. ಹಾಡೋ ಆಳು ಇಲ್ಲ."

"ಆಳು ಇರಾದಿಲ್ಲ ಅಂತ್ಲೇ ಮಾಡ್ಸಿದ್ದು, ಅಣ್ಣ," ಅಂದ ಕಿಟಾರಣ್ಣ. ವರ್ಗೀಸ್ ಅವನ ಮುಖವನ್ನೇ ನೋಡಿದರು. ಆಮೇಲೆ ಎದ್ದು ಒಳಗೆ ಹೋಗಿ, ಚಿಕ್ಕತಾಯಿಯ ತಲೆಯ ಮೇಲೆ ಕೈಯಿಟ್ಟು, ಬನ್ನು ಕೊಟ್ಟು ಹೊರಟುಬಿಟ್ಟರು.

ಆ ವರ್ಷದ ಆಯುಧಪೂಜೆಗೆ ಕ್ವಾರಿಯ ಬಯಲಿನಲ್ಲಿ ಶಾಮಿಯಾನ ಹಾಕಿಸಿದ್ದರು. ಕಂಪ್ರೆಸರಿಗೆ ಚೆಂಡುಹೂವಿನ ಹಾರ, ಡ್ರಿಲ್ಲುಗಳಿಗೆ ಕುಂಕುಮ. ಮಧ್ಯಾಹ್ನದ ಊಟಕ್ಕೆ ಸಂಸಾರಗಳನ್ನೂ ಕರೆದಿದ್ದರು. ಚಿಕ್ಕತಾಯಿ ನನ್ನನ್ನೂ ಎಳೆದುಕೊಂಡು ಹೋಗಿದ್ದಳು. ಮೈಕಿನಲ್ಲಿ ಮೂರನೆಯ ಕ್ಯಾಸೆಟ್ಟು ಹಾಡುತ್ತಿತ್ತು. ಕ್ವಾರಿಯ ಮ್ಯಾನೇಜರಿಗೆ ಹೆಮ್ಮೆ. ಕ್ಯಾಸೆಟ್ಟು ನಿಲ್ಲಿಸಿ, "ನಮ್ಮ ಕಲಾವಿದರೇ ಇಲ್ಲಿದ್ದಾರೆ, ಅವರ ಬಾಯಿಂದಲೇ ಬೆಳ್ಳಿಯ ಹುಡಿ ಕೇಳೋಣ" ಎಂದು ಮೈಕು ಕೊಟ್ಟರು.

ಕಿಟಾರಣ್ಣ ಎದ್ದ. ಗಿಟಾರು ತಂದಿರಲಿಲ್ಲ. ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಮೊದಲು ಹಾಡಲಿಲ್ಲ, ಆ ಸಿಳ್ಳೆಯಂಥ ಉಸಿರು ಬಯಲಿನ ತುಂಬ ಹರಡಿತು. ಎಲೆ ಹಾಕುತ್ತಿದ್ದವರು ಕೈ ನಿಲ್ಲಿಸಿದರು. ಆಮೇಲೆ ಶುರು ಮಾಡಿದ, ಹಳೆಯ ಮಾತಿನಲ್ಲಿ, ಹಳೆಯ ಧೂಳಿನಲ್ಲಿ. "ಸಿದ್ರಾಜು ಬಂಡೆ ಮ್ಯಾಲೆ ಕುಂತವ್ನೆ..." ಒಂದು ಸಾಲು, ಉಸಿರು. ಮರಿಸ್ವಾಮಿ, ಉಸಿರು. ಸತ್ತವರ ಹೆಸರನ್ನು ಒಂದಾದ ಮೇಲೊಂದು, ಅವಸರವಿಲ್ಲದೆ ಕರೆದ.

ಸತ್ತವರ ಹೆಸರು ಮುಗಿದವು. ಹಾಡು ಮುಗಿಯಲಿಲ್ಲ. ಆತ ತಲೆಯೆತ್ತಿ ಸಾಲಾಗಿ ಕೂತಿದ್ದ ಗಂಡಸರ ಕಡೆ ನೋಡಿದ.

ಆ ಹೊತ್ತನ್ನು ಹೇಗೆ ಹೇಳಲಿ? ಬಂಡೆ ಸಿಡಿಸುವವರು, ಮದ್ದು ತುಂಬುವವರು, ಯಾರಿಗೂ ಅಂಜದ ಗಂಡಸರು ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ಆತನ ಕಣ್ಣು ಹೋದ ಕಡೆಯೆಲ್ಲ ತಲೆಗಳು ಬಾಗುತ್ತ ಹೋದವು. ಸಣ್ಣಮ್ಮ ಹೆಂಗಸರ ಗುಂಪಿನಿಂದ ಎದ್ದು ಓಡಿಹೋಗಿ ನಂಜುಂಡನ ಮುಂದೆ ಅಡ್ಡ ನಿಂತಳು.

"ಎದ್ರುಕೋಬ್ಯಾಡ್ರಲಾ," ಅಂದ ಕಿಟಾರಣ್ಣ ಮೈಕಿನಲ್ಲಿ. "ಈ ಸಲ ನಂದೇ."

ಅಂದು ತನ್ನ ಹೆಸರು ಹಾಕಿ ಹಾಡಿದ. ಆ ಹೆಸರನ್ನು ನಾನು ಕೇಳಿದ್ದು ಆಗಲೇ. ಮೇಲೆ ಹತ್ತಲಾರದೆ ನಿಂತವನ ಹಾಡು, ಹೆಂಡತಿ ಹೊಲಿದುಕೊಟ್ಟ ದಿಂಬಿನ ಹಾಡು, ಟಿಬಿಯಲ್ಲ ಕಲ್ಲಿನ ಧೂಳು ಎಂದ ಮೈಸೂರಿನ ಡಾಕ್ಟರ ಹಾಡು. ನಾಲ್ಕು ಸಾಲೂ ಇರಲಿಲ್ಲ. ಮುಗಿಸಲು ಆಗಲಿಲ್ಲ, ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಮ್ಯಾನೇಜರು ಬಂದು ಮೈಕು ಕಿತ್ತುಕೊಂಡು, "ಹಬ್ಬದ ದಿನ ಇದೇನ್ರೀ ಅಪಶಕುನ" ಎಂದು ಗದರಿದರು. ಯಾರೂ ಊಟಕ್ಕೆ ಕೂರಲಿಲ್ಲ. ಬಡಿಸಿದ ಪಾಯಸದ ಮೇಲೆ ನೊಣ ಕೂತವು.

ಹಬ್ಬ ಕಳೆದ ಮೇಲೆ ಡ್ರಿಲ್ ಹಿಡಿಯಲು ಹೋದವರು ಕಡಿಮೆ. ನಂಜುಂಡ ಮೊದಲು, ಅವನ ಹಿಂದೆ ಇನ್ನು ಕೆಲವರು ಮೈಸೂರಿಗೆ ಹೋಗಿ ಎದೆಯ ಫೋಟೋ ತೆಗೆಸಿದರು. ಕೆಲವರದರಲ್ಲಿ ಧೂಳು ಆಗಲೇ ಕೂತಿತ್ತು. ನಂಜುಂಡನದು ಶುರುವಿನಲ್ಲಿತ್ತು; ಈಗಲೇ ಬಿಟ್ಟರೆ ಬದುಕಬಹುದು ಎಂದರು ಡಾಕ್ಟರು. ಬಿಟ್ಟ. ವರ್ಗೀಸ್ ಅವನನ್ನು ಬೇಕರಿಗೆ ಕರೆದುಕೊಂಡರು. ಈಗಲೂ ಗುಂಡ್ಲುಪೇಟೆಗೆ ಹೋದರೆ ಅವನೇ ಬ್ರೆಡ್ಡು ಕಟ್ಟಿಕೊಡುತ್ತಾನೆ, ಸ್ವಲ್ಪ ಮೈ ಬಂದಿದೆ.

ಕಿಟಾರಣ್ಣ ಬೇಸಿಗೆ ಕಾಣಲಿಲ್ಲ. ಕೊನೆಯ ವಾರಗಳಲ್ಲಿ ಮಲಗಲು ಆಗದೆ ಜಗಲಿಯ ಕಂಬಕ್ಕೆ ಒರಗಿ ಕೂತೇ ಇರುತ್ತಿದ್ದ. ಬೀದಿಯವರು ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ಕೂತು ಹೋಗುತ್ತಿದ್ದರು. ಕಿಟಕಿ ಎಳೆದುಕೊಳ್ಳುತ್ತಿದ್ದ ಎದುರುಮನೆಯ ಹಿರಿಯರು ದಿನಾ ಬಂದು ಬೆನ್ನು ನೀವುತ್ತಿದ್ದರು. ಒಂದು ಬೆಳಿಗ್ಗೆ ಚಿಕ್ಕತಾಯಿ ಕಾಫಿ ತಂದಾಗ ಕೈ ಮುಂದೆ ಬರಲಿಲ್ಲ.

ತಿಥಿ ಮುಗಿಸಿ ಅವಳು ತೌರೂರು ಉಡಿಗಾಲಕ್ಕೆ ಹೋದಳು. ಅಣ್ಣಂದಿರ ಹೊಲದಲ್ಲಿ ಅರಿಸಿನ ಅಗೆಯುವ ಕಾಲಕ್ಕೆ ಒಮ್ಮೆ ನೋಡಲು ಹೋಗಿದ್ದೆ. ಅವಳು ಒಂದು ಸಲ ಬಸ್ಸಿನಲ್ಲಿ ಬರುವಾಗ ಬೆಳ್ಳಿಯ ಹುಡಿ ಹಾಕಿದರಂತೆ, ಇಳಿದು ಮುಂದಿನ ಬಸ್ಸಿಗೆ ಕಾದಳಂತೆ. ಅಷ್ಟು ಹೇಳಿ ಮತ್ತೆ ಅಗೆಯಲು ಬಗ್ಗಿದಳು.

ಕ್ವಾರಿ ಕೆಲವು ದಿನ ಮಂಕಾಗಿತ್ತು. ಊರಿನವರು ಡ್ರಿಲ್ ಮುಟ್ಟಲು ಒಪ್ಪುತ್ತಿರಲಿಲ್ಲ. ಆಮೇಲೆ ಗಡಿಯಾಚೆಯಿಂದ ಲಾರಿಯಲ್ಲಿ ಹೊಸ ಆಳುಗಳು ಬಂದರು. ಪಕ್ಕದ ಮನೆಗೂ ಬಾಡಿಗೆಗೆ ಬಂದರು, ಹೊಸದಾಗಿ ಮದುವೆಯಾದ ಜೋಡಿ. ಇಪ್ಪತ್ತರ ಆಸುಪಾಸಿನ ಗಂಡ, ಅಗಲ ಎದೆ. ಬಂದ ದಿನವೇ ನಲ್ಲಿಯಿಂದ ನನ್ನ ಕೊಡಗಳನ್ನೂ ತುಂಬಿಸಿಕೊಟ್ಟ. ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಗಮನವಿಟ್ಟು ಕೇಳಿದ, ಅವನ ಹೆಂಡತಿಯೂ ಕೇಳಿದಳು.

"ಸರಿ ಅಕ್ಕಾ," ಅಂದ ತಮಿಳು ಬೆರೆತ ಕನ್ನಡದಲ್ಲಿ. "ಎರಡೇ ವರ್ಷಂ. ಆಮೇಲೆ ಊರಿಗೆ ಪೋಯಿ ಬಿಡ್ತೀವಿ. ನಮ್ಗೆ ಒಂದೂ ಆಗಾದಿಲ್ಲ."

ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗ ಅವಳು ಬಾಗಿಲಲ್ಲಿ ನಿಂತು ಅವನ ಕೈಗೆ ಬುತ್ತಿ ಕೊಡುತ್ತಿದ್ದಳು. ಅವನು ಏನೋ ತಮಾಷೆ ಮಾಡಿದ, ಅವಳು ನಕ್ಕಳು. ತಿರುವಿನವರೆಗೂ ಹಿಂತಿರುಗಿ ನೋಡುತ್ತಲೇ ಹೋದ. ಸ್ವಲ್ಪ ಹೊತ್ತಿಗೆ ಊರಾಚೆ ಕಂಪ್ರೆಸರ್ ಶುರುವಾಯಿತು.